ಸ್ಪಾಸೆಗೆ ಕೋರ್ಸು ನೋಡಿದ್ದು

ದ್ರೆನ್ಕಾ ಊರಿನ ದೋಣಿಕಾರರಲ್ಲಿ ನಿಂತು ಕೆಲಸ ಮಾಡಿದವರು ಯಾರೂ ಇಲ್ಲ. ಸ್ಪಾಸೆಯ ಅಜ್ಜ ಓಹ್ರಿದ್ ಸರೋವರದ ಮೇಲೆ ಕೂತು ಮೀನು ಹಿಡಿದ, ಕೂತೇ ಮುದುಕನಾದ. ಅಪ್ಪ ಕೂತು ಪ್ರವಾಸಿಗರನ್ನು ಮಠದವರೆಗೆ ಕರೆದೊಯ್ದ, ಕೂತೇ ಕರೆತಂದ. ಸ್ಪಾಸೆಯಂತೂ ನಲವತ್ತಾರು ವರ್ಷಕ್ಕೆಲ್ಲ ಈ ಕಲೆಯನ್ನು ಎಷ್ಟು ಎತ್ತರಕ್ಕೆ ಒಯ್ದಿದ್ದನೆಂದರೆ, ದೋಣಿಯ ಹಿಂದಿನ ಮಣೆಯಲ್ಲಿ ಅವನದೇ ಅಳತೆಯ ಒಂದು ತಗ್ಗು ಬಿದ್ದಿತ್ತು. ಬೇರೆ ಯಾರಾದರೂ ಅಲ್ಲಿ ಕೂತರೆ ದೋಣಿ ಮುನಿಸಿಕೊಂಡು ಎಡಕ್ಕೆ ವಾಲುತ್ತಿತ್ತು.

ಇಂಥ ಮನೆತನದ ಮನುಷ್ಯ, ನೀರಿನ ಮೇಲೆ ಒಂಟಿಕಾಲಲ್ಲಿ ನಿಲ್ಲುವುದನ್ನು ಲೋಕಕ್ಕೆ ಕಲಿಸುತ್ತೇನೆಂದು ಹೊರಟದ್ದಕ್ಕೆ ಪುರಸಭೆಯ ಬಾಗಿಲಿಗೆ ಅಂಟಿಸಿದ್ದ ಒಂದು ಕಾಗದವೇ ಕಾರಣ.

ಒಂದೆರಡು ಬೇಸಿಗೆಗಳಿಂದ ಪ್ರವಾಸಿಗರಿಗೆ ದೋಣಿ ಬೇಡವಾಗಿತ್ತು. ಉದ್ದನೆಯ ಹಲಗೆಯೊಂದನ್ನು ನೀರಿಗೆ ಬಿಟ್ಟು, ಅದರ ಮೇಲೆ ನಿಂತು, ಉದ್ದನೆಯ ಹುಟ್ಟು ಹಾಕುತ್ತ ಹೋಗುವುದು. ನಡುನೀರಿಗೆ ಹೋದ ಮೇಲೆ ಹುಟ್ಟನ್ನು ಬದಿಗಿಟ್ಟು ಯೋಗ ಮಾಡುವುದು. ಇದಕ್ಕೆ ಪ್ಯಾಡಲ್ ಬೋರ್ಡ್ ಯೋಗ ಎಂದು ಹೆಸರು. ಸ್ಪಾಸೆಯ ಮನೆಯ ಕೆಳಗೆ, ಮೂರು ತಲೆಮಾರಿನಿಂದ ಅವರ ದೋಣಿ ಕಟ್ಟುತ್ತಿದ್ದ ಪುಟ್ಟ ಕೊಲ್ಲಿಯನ್ನು ಪುರಸಭೆ ಈ ಯೋಗಕ್ಕೆ ಮೀಸಲಿಟ್ಟಿತ್ತು. ಪ್ರಮಾಣಪತ್ರ ಇರುವ ಶಿಕ್ಷಕರು ಜೂನ್ ಮೂರರೊಳಗೆ ಅರ್ಜಿ ಹಾಕತಕ್ಕದ್ದು ಎಂದು ಕಾಗದ ಹೇಳುತ್ತಿತ್ತು.

ಸ್ಪಾಸೆ ನೇರ ಒಳಗೆ ನುಗ್ಗಿದ. ದಂಡೆಯ ವ್ಯವಹಾರ ನೋಡಿಕೊಳ್ಳುವ ಗುಮಾಸ್ತ ಗವ್ರಿಲ್ ಕನ್ನಡಕ ಒರೆಸುತ್ತ ಕೂತಿದ್ದ.

"ಗವ್ರಿಲ್ ಸಾಹೇಬ್ರೇ, ಆ ಕೊಲ್ಲಿ ನಮ್ಮಜ್ಜಂದು."

"ನಿಮ್ಮಜ್ಜ ಯೋಗ ಕಲಿಸ್ತಿದ್ರಾ?"

"ಇಲ್ಲ, ಮೀನು ಹಿಡೀತಿದ್ರು."

"ಮತ್ತೆ? ಬೆಟ್ಟದ ಮೇಲಿನ ಹೋಟೆಲಿನವರು ಆಗ್ಲೇ ಬಂದು ಕೇಳ್ಕೊಂಡು ಹೋಗಿದಾರೆ. ಅವರಿಗೆ ಹೋದ್ರೆ ನೀನು ದೋಣೀನ ಮೀನು ತೊಳೆಯೋ ಮೋರಿ ಪಕ್ಕ ಕಟ್ಕೋಬೇಕಾಗತ್ತೆ, ನೋಡು."

ಮೋರಿ ಎಂಬ ಮಾತು ಸ್ಪಾಸೆಯ ಎದೆಗೆ ನಾಟಿತು. ಎದೆಗೆ ನಾಟಿದ ಮಾತಿಗೆ ಉತ್ತರ ಕೊಡುವಾಗ ತಲೆಯನ್ನು ಕೇಳಿ ಕೊಡುವ ಪದ್ಧತಿ ಅವನ ವಂಶದಲ್ಲಿ ಇರಲಿಲ್ಲ.

"ನಾನೇ ಕಲಿಸ್ತೀನಿ," ಎಂದ.

"ನೀನು? ಪ್ರಮಾಣಪತ್ರ?"

"ಬರ್ತಾ ಇದೆ."

"ಎಲ್ಲಿಂದ?"

"ಅದನ್ನೇ... ಆರಿಸ್ತಾ ಇದೀನಿ. ಎಲ್ಲಾ ಕಡೆಯಿಂದಲೂ ಕರೀತಿದಾರೆ."

ಗವ್ರಿಲ್ ಕನ್ನಡಕ ಏರಿಸಿ, ಅವನನ್ನು ಕಾಲಿನಿಂದ ಹೊಟ್ಟೆಯವರೆಗೆ ನೋಡಿ, ಹೊಟ್ಟೆಯ ಹತ್ತಿರ ತುಸು ತಂಗಿ, ಮತ್ತೆ ಮೇಲಕ್ಕೆ ನೋಡಿದ. ರಿಜಿಸ್ಟರಿನಲ್ಲಿ ಬರೆದುಕೊಂಡ: 'ಸ್ಪಾಸೆ. ಶಿಕ್ಷಕ. ಪತ್ರ ದಾರಿಯಲ್ಲಿದೆ.' ಹೊರಗೆ ಬರುವಾಗ ಸ್ಪಾಸೆ ಅವನ ಕೈ ಹಿಡಿದು, ಇದು ದೋಣಿಕಾರರ ಕಿವಿಗೆ ಬೀಳಬಾರದೆಂದು ಬೇಡಿಕೊಂಡ. ದೋಣಿಕಾರರ ಹಿರಿಯ ಮೆತೋದಿಯ ನಾಲಿಗೆ ಊರಿಗೆಲ್ಲ ಗೊತ್ತಿದ್ದದ್ದೇ. ಹಲಗೆಯ ಮೇಲೆ ನಿಂತ ಪ್ರವಾಸಿಗರನ್ನು ಕಂಡಾಗಲೆಲ್ಲ ಅವನು, "ಯಾರದೋ ಮನೆ ಬಾಗಿಲು ತೇಲಿ ಬಂತು ಕಣ್ರೋ, ಮೇಲೆ ಕಳ್ಳನೂ ಇದಾನೆ!" ಎಂದು ಕೂಗುತ್ತಿದ್ದ.

ಮನೆಗೆ ಬಂದು ಸ್ಪಾಸೆ ಗುಟ್ಟನ್ನು ಬಿಚ್ಚಿದ್ದು ಸೋದರತ್ತೆಯ ಮುಂದೆ ಮಾತ್ರ. ಕಲಿಯೋಪಾ ಅತ್ತೆಗೆ ಎಪ್ಪತ್ತೆಂಟು ವರ್ಷ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು. ದ್ರೆನ್ಕಾದ ಅರ್ಧ ಮದುವೆಗಳನ್ನು ಕುದುರಿಸಿದವಳು. ಉಳಿದರ್ಧವನ್ನು ಬೇಡವೆಂದಿದ್ದಳು, ಅವರೆಲ್ಲ ಈಗ ಕೈ ಕೈ ಹಿಸುಕಿಕೊಳ್ಳುತ್ತಿದ್ದಾರೆಂದು ಅವಳ ನಂಬಿಕೆ. ಒಬ್ಬ ಸ್ಪಾಸೆಗೆ ಮಾತ್ರ ಯಾವ ಹುಡುಗಿಯೂ ಅವಳ ಕಣ್ಣಿಗೆ ಸಾಟಿಯಾಗಿ ಕಾಣದೆ ಅವನು ಹಾಗೇ ಉಳಿದಿದ್ದ.

ಯೋಗವೆಂದರೇನೆಂದು ಸ್ಪಾಸೆ ಫೋನಿನಲ್ಲಿ ಚಿತ್ರ ತೋರಿಸಿ ವಿವರಿಸಿದ. ಕೊನೆಯ ಭಂಗಿಯಲ್ಲಿ ಹಲಗೆಯ ಮೇಲೆ ಹೆಣದ ಹಾಗೆ ಮಲಗಬೇಕು ಎಂದಾಗ ಅತ್ತೆ ಮೂರು ಸಲ ಶಿಲುಬೆಯ ಗುರುತು ಮಾಡಿಕೊಂಡಳು.

"ಇದನ್ನ ಕಲಿಯೋಕೆ ಕೋರ್ಸು ಬೇರೆ! ನಿನ್ನ ಮಾವ ಮೂವತ್ತು ವರ್ಷ ಇದನ್ನೇ ಮಾಡಿದ್ದು ಕಣೋ, ಊಟ ಆದ್ಮೇಲೆ. ಯಾರೂ ಬಂದು ಕಾಗದ ಕೊಡ್ಲಿಲ್ಲ."

ಆದರೆ ಕೊಲ್ಲಿಯ ಮಾತು ಬಂದಾಗ ಅವಳ ಮುಖ ಗಂಭೀರವಾಯಿತು. ಫೋನಿನಲ್ಲಿ ಮೂರು ಕೋರ್ಸುಗಳಿದ್ದವು. ಎರಡೇ ದಿನದಲ್ಲಿ ಮನೆಯಲ್ಲೇ ಕೂತು ನೋಡಿ ಮುಗಿಸುವುದೊಂದು. ದೂರದ ಬೆಟ್ಟದ ವಿಹಾರಧಾಮದಲ್ಲಿ ಇಪ್ಪತ್ತೊಂದು ದಿನದ್ದೊಂದು. ಆಚೆ ದಂಡೆಯಲ್ಲಿ ಹತ್ತು ದಿನದ್ದು ಇನ್ನೊಂದು. ಸ್ಪಾಸೆ ಎರಡು ದಿನದ್ದರ ಮೇಲೆ ಬೆರಳಿಡಲು ಹೋದ. ಅತ್ತೆ ಬೆರಳಿನ ಮೇಲೆ ಒಂದು ಕೊಟ್ಟಳು.

"ಆ ಕಾಗದಾನ ಗೋಡೆಗೆ ಹಾಕ್ತೀಯ. ಸಾಯೋ ತನಕ ಬೆಳಗಾದ್ರೆ ಅದರ ಮುಖ ನೋಡ್ಬೇಕು. ಯಾರ ಮನೇದು, ಎಂಥವರ ಕೈಯಿಂದ ಬರ್ತಿದೆ ಅಂತ ವಿಚಾರಿಸದೆ ಮನೆಗೆ ತುಂಬಿಸ್ಕೋತಾರೇನೋ?"

ಜೀವಮಾನದ ಸಂಗತಿಯನ್ನು ವಿಚಾರಿಸಲು ಕಲಿಯೋಪಾ ಅತ್ತೆಗೆ ಗೊತ್ತಿದ್ದ ಕ್ರಮ ಒಂದೇ. ಹಿಟ್ಟಿನ ಹೂಬಳ್ಳಿ ಕೂರಿಸಿ ಸುಟ್ಟ ದೊಡ್ಡ ದುಂಡು ರೊಟ್ಟಿ. ಕೆಂಪು ದಾರದಲ್ಲಿ ಕಾಮಕಸ್ತೂರಿಯ ಕುಡಿ ಕಟ್ಟಿದ ಒಂದು ಕುಪ್ಪಿ ರಕಿಯಾ, ಅಂದರೆ ಹಣ್ಣಿನ ಸಾರಾಯಿ. ಇವೆರಡನ್ನೂ ಹಿಡಿದು ಹೊಸ್ತಿಲು ತುಳಿದು, ಎದುರಿನವರ ಕುಲ ಗೋತ್ರ ಕೇಳಿ, ಮನಸ್ಸು ಬಂದರೆ ರೊಟ್ಟಿ ಮುರಿಯುವುದು. ಆ ದಂಡೆಯ ಮೇಲೆ ಈ ಕ್ರಮದಲ್ಲಿ ವಿಚಾರಿಸುವುದು ಹೆಣ್ಣನ್ನು ಮಾತ್ರ ಎಂಬುದು ಅವಳಿಗೆ ಅಡ್ಡಿಯಾಗಿ ಕಾಣಲಿಲ್ಲ.

ಆದರೆ ಊರಿಗೆ ರೊಟ್ಟಿ ಸುಡುವ ದೋನಾಳಿಗೆ ಅದರಲ್ಲಿ ಹೆಣ್ಣೇ ಕಂಡಿತು.

"ಹೂಬಳ್ಳಿ ರೊಟ್ಟೀನಾ, ಕಲಿಯೋಪಾ ಅಕ್ಕಾ? ಯಾರಿಗೆ?" ಎಂದಳು ಅವಳು.

"ಕೇಳ್ಬೇಡ."

"ಸ್ಪಾಸೆಗಾ?"

"ಕೇಳ್ಬೇಡ ಅಂದೆ."

ದ್ರೆನ್ಕಾದಲ್ಲಿ ಒಂದು ಸುದ್ದಿ ಊರು ಸುತ್ತಬೇಕಾದರೆ ಎರಡು ಸಲ ಕೇಳಬೇಡವೆಂದರೆ ಸಾಕು. ರೊಟ್ಟಿ ಒಲೆಯಿಂದ ಇಳಿಯುವ ಮೊದಲೇ ಸ್ಪಾಸೆಗೆ ಹೆಣ್ಣು ನೋಡುತ್ತಿದ್ದಾರೆಂದು ದೋಣಿಕಟ್ಟೆಗೆ ಮುಟ್ಟಿತ್ತು.

ಮೊದಲು ನೋಡಿದ್ದು ಫೋನಿನೊಳಗಿನ ಕೋರ್ಸನ್ನು. ಅತ್ತೆ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಮೇಜಿಗೆ ಕಸೂತಿ ಬಟ್ಟೆ ಹಾಸಿ, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ಅದರ ಮುಂದೆ ರೊಟ್ಟಿ ಇಟ್ಟಳು. ಪರದೆಯಲ್ಲಿ ಬಿಳಿಹಲ್ಲಿನ ಶಿಕ್ಷಕನೊಬ್ಬ ನಗುತ್ತ ಕೈಮುಗಿದ.

"ನೀನು ಯಾರ ಮಗನಪ್ಪಾ?" ಅತ್ತೆ ಕೇಳಿದಳು.

"ಮೊದಲು ಆಳವಾಗಿ ಉಸಿರು ತಗೊಳ್ಳಿ," ಎಂದ ಅವನು.

"ತಗೊಂಡೆ. ಯಾರ ಮಗ?"

"ಬಹಳ ಚೆನ್ನಾಗಿ ಮಾಡ್ತಿದೀರಿ!"

ಎಂದೋ ಚಿತ್ರೀಕರಿಸಿಟ್ಟದ್ದು ಅದು, ಅವನಿಗೆ ನಮ್ಮ ಮಾತು ಕೇಳುವುದಿಲ್ಲ ಎಂದು ಸ್ಪಾಸೆ ಹೇಳಿದ. ಅತ್ತೆ ಫೋನನ್ನು ಬೋರಲು ಹಾಕಿದಳು. "ಹಿರಿಯರು ಕೇಳಿದ್ದಕ್ಕೆ ಉತ್ತರ ಇಲ್ಲ, ಹಲ್ಲು ಮಾತ್ರ ಇದೆ. ಬೇಡ."

ಮರುವಾರ ಇನ್ನೊಂದು ರೊಟ್ಟಿಯೊಂದಿಗೆ ಮೂರು ಬಸ್ಸು ಬದಲಿಸಿ ಬೆಟ್ಟದ ವಿಹಾರಧಾಮಕ್ಕೆ ಹೋದರು. ಅಲ್ಲಿನ ಗುರು ಇಪ್ಪತ್ತೇಳು ವರ್ಷದವನು. ನೆತ್ತಿಯ ಮೇಲೆ ತುರುಬು, ಕಾಲಿಗೆ ಚಪ್ಪಲಿ ಇಲ್ಲ. ಮೊದಲ ಏಳು ದಿನ ಮೌನ, ಆಮೇಲೆ ಏಳು ದಿನ ಹಣ್ಣಿನ ರಸ, ಆಮೇಲೆ ಹಲಗೆ ಎಂದು ವಿವರಿಸಿದ. ಅತ್ತೆ ತಾಳ್ಮೆಯಿಂದ ಕೇಳಿ, ತನ್ನ ಪ್ರಶ್ನೆಗೆ ಬಂದಳು.

"ಎಲ್ಲಾ ಸರಿ. ನೀನು ಯಾರ ಮಗ?"

ಗುರು ಕಣ್ಣುಮುಚ್ಚಿ ಎರಡೂ ಕೈ ಅಗಲಿಸಿದ. "ನಾನು ಈ ವಿಶ್ವದ ಮಗ, ತಾಯೀ."

ಅತ್ತೆಯ ಕಣ್ಣು ಒದ್ದೆಯಾಯಿತು. ಅವನ ತಲೆ ಸವರಿ, ರೊಟ್ಟಿ ಪೂರ್ತಿ ಅವನ ಮಡಿಲಿಗೆ ಹಾಕಿ, ಚೀಲದಲ್ಲಿದ್ದ ಉಣ್ಣೆ ಕಾಲುಚೀಲವನ್ನೂ ಕೊಟ್ಟಳು. ಬಸ್ಸಿನ ದಾರಿಯುದ್ದಕ್ಕೂ ಹಲುಬಿದಳು: "ಅಪ್ಪ ಅಮ್ಮ ಇಲ್ಲದ ಕೂಸು. ತಲೆ ಬಾಚೋರಿಲ್ಲ, ಚಪ್ಪಲಿ ಕೊಡಿಸೋರಿಲ್ಲ, ಹೊಟ್ಟೆಗೆ ಬರೀ ರಸ. ಅಂಥ ಪಾಪದವನ ಹತ್ರ ನೀನು ಹೋಗಿ ಇಪ್ಪತ್ತೊಂದು ದಿನ ತಿಂದ್ರೆ ದೇವರು ಮೆಚ್ತಾನೇನೋ?"

ಹೀಗೆ ಎರಡು ಹೋದವು. ದೋಣಿಕಟ್ಟೆಯಲ್ಲಿ ಮೆತೋದಿ ಸ್ಪಾಸೆಯನ್ನು ತಡೆದ.

"ಲೇ ಸ್ಪಾಸೆ, ಎರಡು ಕಡೆ ನೋಡಿ ಎರಡನ್ನೂ ಬೇಡ ಅಂದ್ಯಂತೆ! ನಲವತ್ತಾರಕ್ಕೆ ಇಷ್ಟು ಬಿಗುಮಾನವೇನೋ?"

ಸ್ಪಾಸೆಗೆ ಆಗ ಊರು ಏನು ತಿಳಿದುಕೊಂಡಿದೆಯೆಂದು ಅರ್ಥವಾಯಿತು. ಬಾಯಿ ತೆರೆದು ನಿಜ ಹೇಳಬೇಕಾದ ಗಳಿಗೆ ಅದು. ಬಾಯಿ ತೆರೆದ ಕೂಡ. ಆದರೆ ಕಟ್ಟೆಯ ಮೇಲಿದ್ದ ಎಂಟು ಜೊತೆ ಕಣ್ಣುಗಳು ಅವನನ್ನು ಹಿಂದೆಂದೂ ನೋಡದ ಹಾಗೆ ನೋಡುತ್ತಿದ್ದವು. ಹೆಣ್ಣುಗಳನ್ನು ಒಲ್ಲೆನೆಂದು ಬಂದ ಗಂಡಸು! ಹಲಗೆ, ಯೋಗ, ಒಂಟಿಕಾಲು ಎಂದು ಬಾಯಿಬಿಟ್ಟರೆ ಆ ಕಣ್ಣುಗಳು ಏನಾಗುತ್ತಿದ್ದವೋ. ಸ್ಪಾಸೆ ಮೀಸೆ ತಿರುವಿ, "ಆತುರ ಇಲ್ಲ ಬಿಡು. ನೋಡೋಣ," ಎಂದು ಹೊರಟುಬಿಟ್ಟ. ಅಂದಿನಿಂದ ಅವನು ನಡೆಯುವಾಗ ಎರಡು ಬೆರಳು ಎತ್ತರವಾಗಿದ್ದನೆಂದು ದೋನಾ ಹೇಳುತ್ತಾಳೆ. ಚಿಕ್ಕದೊಂದು ಸುಳ್ಳು ಬೆನ್ನುಮೂಳೆಗೆ ಎಷ್ಟು ಒಳ್ಳೆಯದೆಂಬುದು ಯಾವ ಯೋಗ ಪುಸ್ತಕದಲ್ಲೂ ಇಲ್ಲ.

ಮೂರನೆಯ ರೊಟ್ಟಿ ದೋಣಿಯಲ್ಲಿ ಆಚೆ ದಂಡೆಗೆ ಹೋಯಿತು. ಅಲ್ಲಿ ಕೋರ್ಸು ನಡೆಸುತ್ತಿದ್ದವಳು ವಿದೋಸಾವಾ. ಅರವತ್ತೊಂದು ವರ್ಷ, ಗಿಡ್ಡಗೆ ಕತ್ತರಿಸಿದ ಬೆಳ್ಳಿಕೂದಲು, ಹಳೆಯ ಈಜುಗಾರ್ತಿಯ ಅಗಲ ಹೆಗಲು. ನೀರಿನಿಂದ ಆಗಷ್ಟೇ ಎದ್ದು ಬಂದವಳು ಕಾಮಕಸ್ತೂರಿ ಕಟ್ಟಿದ ಕುಪ್ಪಿಯನ್ನು ಕಂಡು ಹುಬ್ಬೇರಿಸಿದಳು.

"ಇದೇನಮ್ಮ, ಹೆಣ್ಣು ಕೇಳೋಕೆ ಬಂದ ಹಾಗಿದೆ! ನನಗೆ ಮೂರು ಮೊಮ್ಮಕ್ಕಳಿದಾರೆ."

"ಹೆಣ್ಣಲ್ಲ ತಾಯೀ, ಕೋರ್ಸು," ಎಂದಳು ಅತ್ತೆ. "ನೀನು ಯಾರ ಮಗಳು?"

"ಬಲೆ ನೇಯೋ ಯೊರ್ದಾನ್ ಮಗಳು. ಕೆಳಕೇರಿಯವಳು."

"ಯೊರ್ದಾನ್! ಅವನ ಹೆಂಡ್ತಿ ಲೀಕ್ ಸೊಪ್ಪಿನ ಕಡುಬು ಮಾಡಿದ್ರೆ ನಮ್ಮ ದಂಡೆ ತನಕ ವಾಸನೆ ಬರ್ತಿತ್ತು. ಅವಳ ಮಗಳಾ ನೀನು!"

ಮನೆತನ ಗೊತ್ತಾಯಿತು, ಅಡುಗೆ ಗೊತ್ತಾಯಿತು, ಇನ್ನು ಕೇಳುವುದೇನಿದೆ? ಅತ್ತೆ ರೊಟ್ಟಿ ಮುರಿಯಲು ಕೈ ಹಾಕಿದಳು. ವಿದೋಸಾವಾ ತಡೆದಳು.

"ನಿಲ್ಲಿ. ನೀವು ನನ್ನನ್ನ ನೋಡಿದ್ದಾಯ್ತು. ನಾನು ಹುಡುಗನ್ನ ನೋಡ್ಬೇಡ್ವಾ? ಬಾರಯ್ಯಾ, ನೀರಿನ ಮೇಲೆ ಎಷ್ಟು ವರ್ಷ ಇದ್ದೀಯ?"

"ಮೂವತ್ತು ವರ್ಷ, ಟೀಚರಮ್ಮಾ," ಸ್ಪಾಸೆ ಎದೆಯುಬ್ಬಿಸಿದ.

"ನಿಂತಾ, ಕೂತಾ?"

ಸ್ಪಾಸೆ ಉಬ್ಬಿಸಿದ ಎದೆಯನ್ನು ಇಳಿಸಿದ. ವಿದೋಸಾವಾ ಹಲಗೆ ತೋರಿಸಿದಳು. ಅವನು ಏರಿದ. ಹಲಗೆ ಅವನನ್ನು ಒಂದು ಕ್ಷಣ ವಿಚಾರ ಮಾಡಿ ನೋಡಿತು, ಮರುಕ್ಷಣ ಒಲ್ಲೆನೆಂದಿತು. ಅವನು ಮೇಲೆದ್ದು ಮತ್ತೆ ಹತ್ತಿದ. ಹನ್ನೊಂದು ಸಲ ಬಿದ್ದು ಹನ್ನೆರಡನೆಯ ಸಲ ಹತ್ತುತ್ತಿದ್ದವನನ್ನು ನೋಡಿ ವಿದೋಸಾವಾ ತಾನೇ ರೊಟ್ಟಿ ಮುರಿದಳು.

"ಮಂಡಿ ಮರದ್ದು, ಸೊಂಟ ಕಲ್ಲಿಂದು. ಆದ್ರೆ ನಾಚಿಕೆ ಇಲ್ಲ. ಕಲೀತಾನೆ. ನಾಳೆ ಬೆಳಿಗ್ಗೆ ಬಾ."

ಹತ್ತು ದಿನ ಸ್ಪಾಸೆ ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಆಚೆ ದಂಡೆಗೆ ಹೋದ. ಸಂಜೆ ಒದ್ದೆ ಕೂದಲಲ್ಲಿ, ಕುಂಟುತ್ತ, ಮುಖದಲ್ಲಿ ದಿವ್ಯವಾದ ನಗೆ ಹೊತ್ತು ಬಂದ. ಊರಿಗೆ ಇನ್ನೇನು ಬೇಕು?

ಹತ್ತನೆಯ ದಿನ ವಿದೋಸಾವಾ ಪರೀಕ್ಷೆಯ ನಿಯಮ ಹೇಳಿದಳು. "ಎಲ್ಲಿ ಕಲಿಸ್ತೀಯೋ ಅಲ್ಲೇ ಪರೀಕ್ಷೆ. ನಾಳೆ ನಿಮ್ಮ ಕೊಲ್ಲಿಗೆ ಬರ್ತೀನಿ. ಕಡಿಮೆ ಅಂದ್ರೆ ಆರು ಜನ ವಿದ್ಯಾರ್ಥಿಗಳು ಬೇಕು. ಅವರಿಗೆ ಅರ್ಧ ಗಂಟೆ ಪಾಠ ಮಾಡ್ಬೇಕು. ಪಾಠ ಮುಗಿಸಿ ದಡ ಸೇರೋ ತನಕ ಗುರು ನೀರಿಗೆ ಬೀಳಬಾರದು. ಬಿದ್ರೆ ಮುಂದಿನ ತಿಂಗಳು ಬಾ."

ಮುಂದಿನ ತಿಂಗಳು ಅಂದರೆ ಜುಲೈ. ಅಷ್ಟರಲ್ಲಿ ಕೊಲ್ಲಿ ಹೋಟೆಲಿನದು, ಮೋರಿ ಸ್ಪಾಸೆಯದು. ಅದಿರಲಿ, ಗುಟ್ಟಾಗಿ ಕಲಿತವನಿಗೆ ಆರು ಜನ ವಿದ್ಯಾರ್ಥಿಗಳು ಎಲ್ಲಿಂದ ಬರಬೇಕು? ಎಣಿಸಿದರೆ ಅತ್ತೆ ಒಬ್ಬಳು.

ಮರುದಿನ, ಜೂನ್ ಎರಡು. ಸರೋವರ ತೊಳೆದಿಟ್ಟ ತಟ್ಟೆಯ ಹಾಗಿತ್ತು. ವಿದೋಸಾವಾ ದೊಡ್ಡ ಚೀಲ ಹೊತ್ತು ಸ್ಪಾಸೆಯ ಕೊಲ್ಲಿಯಲ್ಲಿ ದೋಣಿಯಿಂದಿಳಿದದ್ದನ್ನು ದೋನಾ ಕಿಟಕಿಯಿಂದ ಕಂಡಳು. ಚೀಲ ಸಮೇತ ಬಂದಿದ್ದಾಳೆ! ದೋನಾ ದೋಣಿಕಟ್ಟೆಗೆ ಓಡಿದಳು. ಸ್ಪಾಸೆ ಶಿಷ್ಯರಿಗಾಗಿ ಕಾದು ಕಾದು, ಕೊನೆಗೆ ಆ ಚೀಲದಲ್ಲಿದ್ದ ನೀಲಿ ಹಲಗೆಗೆ ಗಾಳಿ ತುಂಬಿ ನೀರಿಗೆ ಬಿಟ್ಟು, ಎದ್ದು ನಿಂತು, ಖಾಲಿ ಸರೋವರಕ್ಕೆ "ಎಲ್ಲರೂ ಉಸಿರು ತಗೊಳ್ಳಿ" ಎನ್ನುವಷ್ಟರಲ್ಲಿ ತಿರುವಿನಾಚೆಯಿಂದ ಡೋಲು ಕೇಳಿಸಿತು. ಆಮೇಲೆ ಓಲಗ. ಆಮೇಲೆ ಹದಿನಾಲ್ಕು ದೋಣಿಗಳು.

ಮುಂದಿನ ದೋಣಿಯಲ್ಲಿ ಮೆತೋದಿ, ಮದುವೆಗೆ ಮಾತ್ರ ಹಾಕುವ ಕೋಟಿನಲ್ಲಿ. ಹಿಂದೆ ಮಡಕೆ ತುಂಬ ಸಕ್ಕರೆ ಹಾಕಿ ಕಾಯಿಸಿದ ರಕಿಯಾ. ಮಾತು ನಿಶ್ಚಯವಾದ ಮನೆಯಲ್ಲಿ ಎಲ್ಲರೂ ಕುಡಿಯಬೇಕಾದದ್ದು. ದೋನಾಳ ದೋಣಿಯಲ್ಲಿ ವಾಲ್ನಟ್ ಸಿಹಿಯ ಹರಿವಾಣಗಳು. ನಡುವೆ, ಪುಕ್ಕಟೆ ಊಟವೆಲ್ಲಿದ್ದರೂ ಪುರಸಭೆಯ ಪ್ರತಿನಿಧಿಯಾಗಿ ಹಾಜರಾಗುವ ಗವ್ರಿಲ್. ಪ್ರಮಾಣಪತ್ರದ ಗುಟ್ಟನ್ನು ಕಾಪಾಡುವುದರಲ್ಲಿ ಅವನು ಎಷ್ಟು ನಿಷ್ಠನಾಗಿದ್ದನೆಂದರೆ ತಾನೂ ಅದನ್ನು ಮರೆತುಬಿಟ್ಟಿದ್ದ.

"ಎಲ್ಲೋ ಮದುಮಗಳು?" ಮೆತೋದಿ ಕೂಗಿದ. ಆಮೇಲೆ ಹಲಗೆಯ ಮೇಲೆ, ಬಿಗಿ ಚಡ್ಡಿಯಲ್ಲಿ, ಎರಡೂ ಕೈ ಮೇಲೆತ್ತಿ ನಿಂತಿದ್ದ ಮದುಮಗನನ್ನು ಕಂಡು ಡೋಲು ತಾನಾಗಿ ನಿಂತಿತು.

"ವಯಸ್ಸು ತುಸು ಜಾಸ್ತಿ," ದೋನಾ ದಂಡೆಯ ಕಡೆ ನೋಡಿ ಪಿಸುಗುಟ್ಟಿದಳು, "ಆದ್ರೆ ಎಷ್ಟು ನೆಟ್ಟಗೆ ನಿಲ್ತಾಳೆ ನೋಡ್ರೇ!"

"ಮದುವೆ ಅಲ್ಲ ಕಣ್ರೋ!" ಕಲಿಯೋಪಾ ಅತ್ತೆ ದಂಡೆಯಿಂದ ಅಬ್ಬರಿಸಿದಳು. "ಪರೀಕ್ಷೆ! ನನ್ನ ಹುಡುಗ ಮೇಷ್ಟ್ರಾಗ್ತಾ ಇದಾನೆ. ಈಗ ಬಿದ್ರೆ ನಾಳಿದ್ದು ಈ ಕೊಲ್ಲಿ ಹೋಟೆಲಿನವರ ಪಾಲು. ಅವನ ದೋಣಿ ಮೋರಿಗೆ. ಆರು ಜನ ಶಿಷ್ಯರು ಬೇಕಾಗಿದಾರೆ, ನೀವು ಮಡಕೆ ಹಿಡ್ಕೊಂಡು ಬಂದಿದೀರಿ!"

ಸ್ಪಾಸೆ ಕಣ್ಣುಮುಚ್ಚಿದ. ಇನ್ನು ಬರಬೇಕಾದದ್ದು ಮೆತೋದಿಯ ಮಾತು: ಬಾಗಿಲು, ಕಳ್ಳ.

ಮೆತೋದಿ ಕೊಲ್ಲಿಯನ್ನು ನೋಡಿದ. ಬೆಟ್ಟದ ಮೇಲಿನ ಹೋಟೆಲನ್ನು ನೋಡಿದ. ಮದುವೆ ಕೋಟಿನ ಗುಂಡಿ ಬಿಚ್ಚಿದ.

"ಹೋಟೆಲಿನವರಿಗಾ?" ಎಂದ. "ನಮ್ಮ ಸ್ಪಾಸೆ ಮೇಷ್ಟ್ರು ಇರುವಾಗ? ಲೇ, ಹೇಳೋ ಅದೇನ್ ಮಾಡ್ಬೇಕು. ಬೇಗ ಹೇಳು, ರಕಿಯಾ ಆರ್ತಾ ಇದೆ!"

ಮುಂದಿನ ಅರ್ಧ ಗಂಟೆ ದ್ರೆನ್ಕಾ ಊರು ಎಂದೂ ಕಾಣದ್ದನ್ನು ಕಂಡಿತು. ಸ್ಪಾಸೆ ಕೈ ಎತ್ತಿದ. ಹದಿನಾಲ್ಕು ದೋಣಿಗಳಲ್ಲಿ ನಲವತ್ತೊಂದು ಜೊತೆ ಕೈಗಳೆದ್ದವು. ಸ್ಪಾಸೆ ಬಗ್ಗಿದ, ಊರು ನರಳುತ್ತ ಬಗ್ಗಿತು. "ಸೊಂಟಕ್ಕೆ ಉಣ್ಣೆ ಸುತ್ಕೊಳ್ಳೋ, ಗಾಳಿ ಹೊಡೀತದೆ!" ಎಂದು ಹೆಂಗಸರು ಕೂಗಿದರು, ಗುರು ಅದನ್ನು ಗಮನಿಸಲಿಲ್ಲ. ಹಲಗೆ ತುಯ್ದಾಡಿತು, ಅವನು ತುಯ್ದಾಡಲಿಲ್ಲ. ಬೀಳುವುದು ಬಹಳ ಸುಲಭವಿತ್ತು. ಆದರೆ ನಲವತ್ತೊಂದು ಜನ ತನ್ನನ್ನು ಮೇಷ್ಟ್ರು ಎಂದು ನೋಡುತ್ತಿರುವಾಗ ಅವನ ಮಂಡಿಗಳಿಗೆ ಬೀಳುವ ಬಗೆಯೇ ಮರೆತುಹೋಗಿತ್ತು. "ಈಗ ಮರದ ಹಾಗೆ ಒಂಟಿಕಾಲು!" ಎಂದು ತಾನು ಎತ್ತಿದ ಕಾಲನ್ನು ಕಂಡು ಸ್ಪಾಸೆಗೇ ಬೆರಗಾಯಿತು. ಅದು ಗಾಳಿಯಲ್ಲಿತ್ತು. ಉಳಿದ ಒಂದೇ ಕಾಲು ಇಡೀ ವಂಶವನ್ನು ಹೊತ್ತು ನಿಂತಿತ್ತು. ಮೆತೋದಿ ಕೂಡ ಓಲಗದವನ ಹೆಗಲು ಹಿಡಿದು ಕಾಲೆತ್ತಿದ. ಕೊನೆಗೆ ಹೆಣದ ಹಾಗೆ ಮಲಗಬೇಕೆಂದಾಗ ಮಾತ್ರ ಊರು ಯಾವ ತರಬೇತಿಯೂ ಇಲ್ಲದೆ ಪೂರ್ಣಾಂಕ ಪಡೆಯಿತು. ಡೋಲಿನವನನ್ನು ಎಬ್ಬಿಸಲು ನೀರೆರಚಬೇಕಾಯಿತು.

ಪಾಠ ಮುಗಿಯಿತು. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ದಡ ಇನ್ನು ಮೂರು ಮಾರು. ಸ್ಪಾಸೆ ಎದೆ ತುಂಬಿ, ಬೆನ್ನು ಬಾಗಿಸಿ, ದೊರೆಯ ಹಾಗೆ ವಂದಿಸಿದ. ವಂದಿಸುವುದು ಕೋರ್ಸಿನಲ್ಲಿರಲಿಲ್ಲ. ಹಲಗೆ ಒಂದು ಕಡೆ ಹೋಯಿತು, ಗುರು ಇನ್ನೊಂದು ಕಡೆ ಹೋದ. ಎದ್ದ ನೀರು ದೋನಾಳ ಸಿಹಿಯ ಹರಿವಾಣದವರೆಗೂ ಹಾರಿತು.

ವಿದೋಸಾವಾ ಪೆನ್ನಿನ ಮುಚ್ಚಳ ಹಾಕಿದಳು.

"ಬಿದ್ದ," ಎಂದಳು.

"ಯಾರು ಬಿದ್ದಿದ್ದು?" ಮೆತೋದಿ ಎದ್ದು ನಿಂತ. ದೋಣಿಕಾರನೊಬ್ಬ ದೋಣಿಯಲ್ಲಿ ತಾನಾಗಿ ಎದ್ದು ನಿಂತದ್ದು ಅದೇ ಮೊದಲು. "ಟೀಚರಮ್ಮಾ, ತಪ್ಪು ತಿಳ್ಕೊಂಡ್ರಿ. ನಮ್ಮ ಮೇಷ್ಟ್ರು ಪಾಠ ಮುಗೀತು ಅಂತ ಇಳಿದ್ರು."

"ಇಳಿದ್ರು," ಎಂದಳು ದೋನಾ, ಮುಖದ ನೀರೊರೆಸಿಕೊಳ್ಳುತ್ತ. "ನಾನು ಹತ್ರದಿಂದ ನೋಡಿದೆ."

"ಇಳಿದ್ರು!" ಎಂದವು ಹದಿನಾಲ್ಕು ದೋಣಿಗಳು.

ಗವ್ರಿಲ್ ಕೋಟು ನೇರ ಮಾಡಿಕೊಂಡು ಎದ್ದ. "ಪುರಸಭೆಯ ಪರವಾಗಿ ಕೇಳ್ತೀನಿ. ಇಲ್ಲಿರೋರಲ್ಲಿ ಯಾರಾದ್ರೂ ಇವರು ಬಿದ್ದದ್ದು ನೋಡಿದೀರಾ?" ಸರೋವರದ ಮೀನುಗಳು ಕೂಡ ಸುಮ್ಮನಿದ್ದವು. "ಸರಿ. ಇಳಿದಿದ್ದಾರೆ ಅಂತ ಬರ್ಕೋತೀನಿ."

ಎದೆಮಟ್ಟದ ನೀರಿನಲ್ಲಿ ನಿಂತಿದ್ದ ಸ್ಪಾಸೆ ಮೀಸೆಯಿಂದ ನೀರು ತೊಟ್ಟಿಕ್ಕಿಸುತ್ತ, ಬೇಕೆಂದೇ ಇಳಿದವನ ಗಾಂಭೀರ್ಯದಿಂದ ನಡೆದು ದಡಕ್ಕೆ ಬಂದ. ವಿದೋಸಾವಾ ಅವನನ್ನೂ ಊರನ್ನೂ ನೋಡಿದಳು.

"ಈಜಿನಿಂದ ಹಿಡಿದು ಹಲಗೆ ತನಕ ಮೂವತ್ತು ವರ್ಷದಿಂದ ಕಲಿಸ್ತಾ ಇದೀನಿ," ಎಂದಳು. "ಇಷ್ಟು ಜೋರಾಗಿ ಇಳಿದವರನ್ನ ನೋಡಿರ್ಲಿಲ್ಲ." ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದಳು.

ಸಿಹಿ ರಕಿಯಾ ಕಾಗದದ ಹೆಸರಿನಲ್ಲೇ ಖರ್ಚಾಯಿತು. ಸೊಸೆ ಬರದಿದ್ದರೂ ಚಿಂತೆಯಿಲ್ಲ ಎಂದು ಅತ್ತೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. "ಕಾಗದ ಎದುರು ಮಾತಾಡಲ್ಲ, ಬೇರೆ ಒಲೆ ಹೂಡೋಣ ಅನ್ನಲ್ಲ. ನೋಡಿದ್ರೆ ಗೋಡೆಗೂ ಎಷ್ಟು ಕಳೆ!"

ಆ ಬೇಸಿಗೆಯಿಂದ ಇಂದಿನವರೆಗೆ ಸ್ಪಾಸೆ ಮೇಷ್ಟರ ಕೊಲ್ಲಿಯಲ್ಲಿ ಒಬ್ಬರೂ ನೀರಿಗೆ ಬಿದ್ದಿಲ್ಲ. ಜರ್ಮನಿಯವರು ಇಳಿಯುತ್ತಾರೆ, ಹಾಲೆಂಡಿನವರು ಇಳಿಯುತ್ತಾರೆ. ಹೋದ ಭಾನುವಾರ ಗುಮಾಸ್ತ ಗವ್ರಿಲ್ ಕನ್ನಡಕ ಸಮೇತ ಇಳಿದ.